ಕರಗುವ ಹೆಪ್ಪು

ಆ ದಿನ ಮಕ್ಕಳ ವಾರ್ಡಿನಿಂದ ಜಲಜಾಕ್ಷಿಗೆ ಕರೆ ಬಂದದ್ದು ಅವಳ ವಿದ್ಯೆ ಬೇಕಾಗಿ ಅಲ್ಲ, ಭಾಷೆ ಬೇಕಾಗಿ. ವಿಜಾಪುರದ ಕಡೆಯ ಒಬ್ಬಳು ಹೆಂಗಸು ಮಗುವನ್ನು ಎತ್ತಿಕೊಂಡು ಬಂದಿದ್ದಾಳೆ, ಅವಳ ಹಿಂದಿ ಯಾರಿಗೂ ತಿಳಿಯುತ್ತಿಲ್ಲ, ಮಗುವಿನ ಹೊಕ್ಕುಳಿಗೆ ಏನು ಹಚ್ಚಿದಳೆಂದು ಸ್ವಲ್ಪ ಕೇಳಿ ಹೇಳಬೇಕು ಎಂದು ಚಿಕ್ಕ ಡಾಕ್ಟರ್ ಫೋನಿನಲ್ಲಿ ಹೇಳಿದ್ದ.

ಜಲಜಾಕ್ಷಿ ಬಂಗೇರ ನವಿ ಮುಂಬಯಿಯ ಬೇಲಾಪುರದ ಆ ದೊಡ್ಡ ಆಸ್ಪತ್ರೆಯ ರಕ್ತ ಪರೀಕ್ಷಾ ವಿಭಾಗದಲ್ಲಿ ಸಂಶೋಧಕಿ. ಹೆಸರಿನ ಮುಂದೆ ಡಾಕ್ಟರ್ ಎಂದೇನೋ ಇತ್ತು, ಆದರೆ ಅದು ಪಿಎಚ್‌ಡಿಯಿಂದ ಬಂದ ಡಾಕ್ಟರ್. ಕೊರಳಲ್ಲಿ ಸ್ಟೆತಾಸ್ಕೋಪ್ ಇಲ್ಲದವರೆಲ್ಲ ವಾರ್ಡಿನವರ ಪಾಲಿಗೆ ‘ಲ್ಯಾಬ್‌ನವರು’. ಲ್ಯಾಬ್‌ನವರು ಕೇಳಿದ ರಿಪೋರ್ಟ್ ಕೊಡಬೇಕು, ಮೇಲಿನ ಮಾತು ಆಡಬಾರದು.

ಅವಳು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಉಡುಪಿಯ ಕಡೆಯಿಂದ ಬಂದು ಅಲ್ಲಿನ ಕಾರ್ಖಾನೆಗಳ ನಡುವೆ ಕ್ಯಾಂಟೀನ್ ನಡೆಸುತ್ತಿದ್ದರು. ಮಗಳು ಡಾಕ್ಟರಾಗಬೇಕೆಂದು ಮನೆಯವರಿಗೆಲ್ಲ ಆಸೆ. ಅಂಕಗಳು ಸ್ವಲ್ಪದರಲ್ಲಿ ಕೈಕೊಟ್ಟವು. ಬಿಎಸ್ಸಿ, ಎಂಎಸ್ಸಿ ಮುಗಿಸಿ ಕಲ್ಯಾಣದ ಒಂದು ಖಾಸಗಿ ಲ್ಯಾಬಿಗೆ ಸೇರಿದಳು. ಅಲ್ಲಿ ಅವಳಿಗೆ ಮೊದಲು ಕಲಿಸಿದ ಕೆಲಸವೆಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವುದು. ಗಾಜಿನ ನಳಿಕೆಯನ್ನು ದೀಪದ ಎದುರು ಹಿಡಿದು ಮೆಲ್ಲನೆ ಓರೆ ಮಾಡಬೇಕು. ಒಳಗಿದ್ದದ್ದು ಅತ್ತ ಹರಿಯುತ್ತದೆ, ಇತ್ತ ಹರಿಯುತ್ತದೆ, ಆಮೇಲೆ ಒಂದು ಸಲ ಓರೆ ಮಾಡಿದಾಗ ಹರಿಯುವುದಿಲ್ಲ, ನಿಂತುಬಿಟ್ಟಿರುತ್ತದೆ. ಜೊತೆಯವರಿಗೆ ಅದು ಬೇಸರದ ಕೆಲಸ. ಅವಳಿಗೆ ಮಾತ್ರ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು. ಈಗ ನಿಲ್ಲು ಅಂತ ಅದಕ್ಕೆ ಹೇಳಿದವರು ಯಾರು?

ಈ ಪ್ರಶ್ನೆಯ ಬೆನ್ನು ಹತ್ತಿ ಮದುವೆಯಾದ ಮೇಲೂ ಓದಿದಳು. ಮಗಳು ಅಶ್ಮಿತಾ ಶಾಲೆಗೆ ಹೋಗತೊಡಗಿದ ಮೇಲೆ ಪಿಎಚ್‌ಡಿಗೆ ಕೂತಳು. ಕೂತಳು ಎನ್ನುವುದೂ ಸರಿಯಲ್ಲ, ಅರ್ಧ ಓದು ನಡೆದದ್ದು ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತುಕೊಂಡೇ. ಗಂಡ ಜಯಶೀಲ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಯವರೆಗೆ ಇಬ್ಬರದೂ ಒಂದೇ ಲೋಕಲ್. ಅವನು ಇಳಿದು ಹೋಟೆಲಿನ ಕಡೆ ನಡೆದರೆ ಅವಳು ಬೇಲಾಪುರದ ಕಡೆಯ ಗಾಡಿಗೆ ಓಡುತ್ತಿದ್ದಳು.

ಫೋನು ಇಟ್ಟು ಜಲಜಾಕ್ಷಿ ವಾರ್ಡಿಗೆ ಬಂದಾಗ ಆ ಹೆಂಗಸು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ಹೆಸರು ಮರಗಮ್ಮ, ಊರು ಸಿಂದಗಿಯ ಹತ್ತಿರ. ಗಂಡ ಯಂಕಪ್ಪನ ಜೊತೆ ಖಾರ್‌ಘರ್‌ನಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದಳು. ಮಡಿಲಲ್ಲಿ ಎಳೆಯ ಹೆಣ್ಣುಮಗು. ಹೊಕ್ಕುಳಿಗೆ ಕಟ್ಟಿದ ಬಿಳಿ ಪಟ್ಟಿ ಕೆಂಪಗೆ ನೆನೆದಿತ್ತು. ಅಳುವ ತ್ರಾಣವೂ ಮಗುವಿಗೆ ಇದ್ದಂತಿರಲಿಲ್ಲ.

“ರಕ್ತದ ರಿಪೋರ್ಟ್ ಎಲ್ಲ ನಾರ್ಮಲ್,” ಎಂದ ಚಿಕ್ಕ ಡಾಕ್ಟರ್. “ಇವರೇ ಏನೋ ಹಚ್ಚಿದ್ದಾರೆ, ಇಲ್ಲವೇ ಬ್ಲೇಡಿನಿಂದ ಏನೋ ಮಾಡಿದ್ದಾರೆ. ಬಾಯಿ ಬಿಡುತ್ತಿಲ್ಲ.”

ಜಲಜಾಕ್ಷಿ ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. “ಮರಗಮ್ಮ, ಹೊಕ್ಕುಳಿಗೆ ಏನಾದ್ರೂ ಹಚ್ಚಿದ್ರಾ?”

ಕನ್ನಡ ಕಿವಿಗೆ ಬಿದ್ದದ್ದೇ ತಡ, ಮರಗಮ್ಮನ ಕಣ್ಣು ತುಂಬಿ ಬಂತು. “ಏನೂ ಹಚ್ಚಿಲ್ರಿ ಅಕ್ಕಾರ. ಆಣಿ ಮಾಡಿ ಹೇಳ್ತೀನಿ. ಕಳ್ಳರನ್ನ ಕೇಳಿದಂಗ ಕೇಳಾಕತ್ತಾರ ಇವರು.”

“ನಾನು ಹಾಗೆ ಕೇಳುವುದಿಲ್ಲ. ಮೊದಲಿಂದ ಹೇಳಿ. ಯಾವಾಗ ಶುರುವಾಯ್ತು?”

“ಹುಟ್ಟಿದಾಗ ಏನೂ ಇದ್ದಿಲ್ರಿ. ಹೊಕ್ಕಳ ಹುರಿ ಉದುರಿದ ಮ್ಯಾಲ ರಕ್ತ ಬರಾಕತ್ತು. ಒತ್ತಿ ಹಿಡದ್ವಿ, ನಿಂತು. ಮರುದಿನ ನೋಡಿದ್ರ ಮತ್ತ ಹರ್ಯಾಕತ್ತೈತಿ. ಮತ್ತ ನಿಂತು, ಮತ್ತ ಬಂತು. ನನ್ನ ಮೊದಲನೇ ಕೂಸು ಹಿಂಗ ಹೋತ್ರಿ. ಎರಡನೇದು ನಡ್ಯಾಕ ಕಲ್ತಿತ್ತು. ಕಟ್ಟಿ ಮ್ಯಾಲಿಂದ ಬಿತ್ತು. ಬಿದ್ದಾಗ ಏನೂ ಆಗಲಿಲ್ಲ, ಎದ್ದು ಆಡ್ತು. ಎರಡು ದಿನ ಆದ ಮ್ಯಾಲ ವಾಂತಿ ಮಾಡ್ತು, ಕಣ್ಣು ಮ್ಯಾಲ ಮಾಡ್ತು...” ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಯಂಕಪ್ಪ ನಿಮಗೆ ಸಂಬಂಧದವರಾ?”

“ಸ್ವಾದರಮಾವ ಆಗಬೇಕ್ರಿ.”

ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಅಪರೂಪದ ಕಾಯಿಲೆಗಳು ಹೆಚ್ಚೆಂದು ಜಲಜಾಕ್ಷಿಗೆ ಗೊತ್ತಿತ್ತು. ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದವರಿಗೆ ರಕ್ತ ಇಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಇಲ್ಲಿ ನಿಂತಿತ್ತು. ನಿಂತು, ದಿನ ಕಳೆದ ಮೇಲೆ ಮತ್ತೆ ಬಂದಿತ್ತು. ಅಂದರೆ ಹೆಪ್ಪು ಆಗುತ್ತಿದೆ, ಉಳಿಯುತ್ತಿಲ್ಲ. ರಕ್ತವನ್ನು ನಿಲ್ಲಿಸಲು ದೇಹ ಎಳೆ ಎಳೆಯಾಗಿ ಒಂದು ಬಲೆ ಹೆಣೆಯುತ್ತದೆ. ಹೆಣೆದಾದ ಮೇಲೆ ಎಳೆಗಳು ಸೇರುವಲ್ಲೆಲ್ಲ ಗಂಟು ಬೀಳಬೇಕು. ಆ ಗಂಟು ಹಾಕುವುದು ರಕ್ತದ ಹದಿಮೂರನೆಯ ಅಂಶ. ಅದು ಇಲ್ಲದವರಲ್ಲಿ ಬಲೆಯೇನೋ ನೋಡಲು ಚೆನ್ನಾಗಿಯೇ ಇರುತ್ತದೆ, ಎಲ್ಲ ಪರೀಕ್ಷೆಗಳೂ ನಾರ್ಮಲ್ ಎನ್ನುತ್ತವೆ, ಏಕೆಂದರೆ ಆ ಪರೀಕ್ಷೆಗಳೆಲ್ಲ ಬಲೆ ಎಷ್ಟು ಬೇಗ ಆಯಿತೆಂದು ಮಾತ್ರ ನೋಡುತ್ತವೆ. ಎಷ್ಟು ದಿನ ಬಾಳಿತೆಂದು ನೋಡುವುದಿಲ್ಲ.

ಅವಳು ಎದ್ದು ನಿಂತಳು. “ಮಗುವಿಗೆ ರಕ್ತ ಕೊಟ್ಟಾಯಿತೇ?”

“ಬಾಟಲಿ ಬಂದಿದೆ. ಈಗ ಹಚ್ಚುತ್ತೇವೆ.”

“ಅದಕ್ಕಿಂತ ಮೊದಲು ಸ್ವಲ್ಪ ಮಗುವಿನ ರಕ್ತ ತೆಗೆದುಕೊಡಿ. ಬೇರೆಯವರ ರಕ್ತ ಒಳಗೆ ಹೋದರೆ ಆಮೇಲೆ ನನಗೇನೂ ಕಾಣುವುದಿಲ್ಲ.”

“ಸಾಹೇಬರನ್ನು ಕೇಳಬೇಕು ಮ್ಯಾಡಮ್.”

“ಕೇಳುತ್ತ ಕೂತು ಬಾಟಲಿ ತಡಮಾಡಬೇಡಿ. ಸಿಸ್ಟರ್ ಹೇಗೂ ಸೂಜಿ ಚುಚ್ಚುತ್ತಾರೆ, ಅದೇ ಸೂಜಿಯಿಂದ ನನಗಿಷ್ಟು. ಸಾಹೇಬರಿಗೆ ನಾನು ಉತ್ತರ ಕೊಡುತ್ತೇನೆ.”

ಅವನು ಸಿಸ್ಟರ್‌ಗೆ ಸನ್ನೆ ಮಾಡಿದ.

ಲ್ಯಾಬಿನಲ್ಲಿ ಅವಳು ಎರಡು ನಳಿಕೆಗಳನ್ನು ಸಿದ್ಧಮಾಡಿದಳು. ಒಂದರಲ್ಲಿ ಮಗುವಿನ ರಕ್ತದ ತಿಳಿ, ಇನ್ನೊಂದರಲ್ಲಿ ಆರೋಗ್ಯವಂತರೊಬ್ಬರದು. ಎರಡೂ ಒಂದೇ ಹೊತ್ತಿಗೆ ಹೆಪ್ಪಾದವು. ಎರಡೂ ಹೆಪ್ಪುಗಳನ್ನು ಯೂರಿಯಾ ಬೆರೆಸಿದ ನೀರಿಗೆ ಇಳಿಬಿಟ್ಟಳು. ಗಟ್ಟಿ ಗಂಟು ಇರುವ ಹೆಪ್ಪು ಆ ನೀರಿನಲ್ಲಿ ಒಂದು ದಿನವಾದರೂ ಹಾಗೆಯೇ ಇರುತ್ತದೆ.

ವಿಭಾಗದ ಮುಖ್ಯಸ್ಥ ಡಾ. ವಿಷ್ಣುಮೂರ್ತಿ ಸಿಟ್ಟಿನಿಂದಲೇ ಬಂದರು. ಅವರೂ ಉಡುಪಿಯವರು. ಆದರೆ ಆಸ್ಪತ್ರೆಯಲ್ಲಿ ಊರಿನ ಸಲಿಗೆಯನ್ನು ಯಾರಿಗೂ ಕೊಟ್ಟವರಲ್ಲ.

“ಎಂಥ ಇದು ಜಲಜಾಕ್ಷಿಯವರೇ? ವಾರ್ಡಿನಲ್ಲಿ ನೀವು ಆರ್ಡರ್ ಕೊಡ್ತೀರಂತೆ?”

“ಸರ್, ಹದಿಮೂರನೇ ಅಂಶ ಇಲ್ಲ ಅಂತ ನನಗೆ ಅನುಮಾನ.”

“ಮೂವತ್ತು ವರ್ಷದ ಸರ್ವಿಸಿನಲ್ಲಿ ಅದನ್ನು ನಾನು ಪುಸ್ತಕದಲ್ಲಿ ಮಾತ್ರ ನೋಡಿದ್ದು.”

“ಸ್ವಲ್ಪ ಕೂತ್ಕೊಳ್ಳಿ ಸರ್. ನೋಡಿ ಹೋಗಿ.”

ಅವರು ಕೂರಲಿಲ್ಲ, ನಿಂತೇ ನೋಡಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮಗುವಿನ ಹೆಪ್ಪಿನ ಅಂಚು ಮಸುಕಾಯಿತು. ನೋಡುನೋಡುತ್ತಿದ್ದಂತೆ ಅದು ಸಡಿಲಗೊಂಡು, ತೆಳುವಾಗಿ, ಬಿಸಿನೀರಿಗೆ ಬಿದ್ದ ಸಕ್ಕರೆಯ ಹಾಗೆ ಕರಗಿ ಕಾಣದಾಯಿತು. ಪಕ್ಕದ ನಳಿಕೆಯಲ್ಲಿ ಇನ್ನೊಂದು ಹೆಪ್ಪು ಜಗ್ಗದೆ ನಿಂತಿತ್ತು.

“ಇನ್ನೊಮ್ಮೆ ಮಾಡುವ,” ಎಂದರು ವಿಷ್ಣುಮೂರ್ತಿ. ದನಿ ಬದಲಾಗಿತ್ತು. “ಈ ಸಲ ನಾನೇ ಮಾಡ್ತೇನೆ.”

ಅವರ ಕೈಯಲ್ಲೂ ಕರಗಿತು. ಮೂರನೆಯ ಸಲ ಜಲಜಾಕ್ಷಿ ಮಗುವಿನ ತಿಳಿಗೆ ಆರೋಗ್ಯವಂತರ ತಿಳಿಯನ್ನು ಕೆಲವೇ ಹನಿ ಬೆರೆಸಿದಳು. ಈಗ ಹೆಪ್ಪು ಗಟ್ಟಿಯಾಗಿ ಉಳಿಯಿತು. ಇಲ್ಲದ್ದು ಏನು ಮತ್ತು ಕೊಡಬೇಕಾದ್ದು ಏನು ಎಂಬುದು ಕಣ್ಣೆದುರೇ ಇತ್ತು. ವಿಷ್ಣುಮೂರ್ತಿ ತಾವೇ ಫೋನೆತ್ತಿ ರಕ್ತನಿಧಿಗೆ ಹೇಳಿ, ರಕ್ತದಿಂದ ಬೇರ್ಪಡಿಸಿ ಹಿಮದಂತೆ ಗಟ್ಟಿಮಾಡಿ ಇಡುವ ‘ಕ್ರಯೋ’ ತರಿಸಿದರು.

ಹೊಸದಾಗಿ ಕಟ್ಟಿದ ಪಟ್ಟಿ ಸಂಜೆಯವರೆಗೂ ಬಿಳಿಯಾಗಿಯೇ ಉಳಿಯಿತು. ಮರುದಿನವೂ ಬಿಳಿ, ಅದರ ಮರುದಿನವೂ ಬಿಳಿ. ತಿಂಗಳಿಗೊಮ್ಮೆ ಸ್ವಲ್ಪ ಕ್ರಯೋ ಕೊಡುತ್ತ ಹೋದರೆ ಈ ಮಗು ಎಲ್ಲ ಮಕ್ಕಳಂತೆ ಬೆಳೆಯುತ್ತದೆ ಎಂದು ಜಲಜಾಕ್ಷಿ ಮರಗಮ್ಮನಿಗೆ ಬಿಡಿಸಿ ಹೇಳಿದಳು. ಮರಗಮ್ಮ ಮಗುವಿನ ಬಿಳಿ ಪಟ್ಟಿಯನ್ನು ಸವರಿದಳು.

“ಅಕ್ಕಾರ, ಮೊದಲಿನ ಎರಡಕ್ಕೂ ಇದ ಆಗಿತ್ತೇನ್ರಿ?”

ಇದೇ ಪ್ರಶ್ನೆ ಬರುತ್ತದೆಂದು ಜಲಜಾಕ್ಷಿ ಹೆದರಿದ್ದಳು. “ಇದೇ ಆಗಿತ್ತು ಮರಗಮ್ಮ.”

“ಅಂದ್ರ ನನ್ನ ಕಾಲ್ಗುಣ ಅಲ್ಲ?”

“ಅಲ್ಲ. ನಿಮ್ಮ ತಪ್ಪೂ ಅಲ್ಲ, ಯಂಕಪ್ಪನ ತಪ್ಪೂ ಅಲ್ಲ. ರಕ್ತದಲ್ಲಿ ಒಂದು ಅಂಶ ಇರಲಿಲ್ಲ, ಅಷ್ಟೇ.”

ಮರಗಮ್ಮ ಆಗ ಅತ್ತಳು. ವಾರ್ಡಿಗೆ ಕೇಳುವಂತೆ, ಎದೆ ಬಿಚ್ಚಿ ಅತ್ತಳು. ಊರಿನಲ್ಲಿ ಇಷ್ಟು ವರ್ಷ ಯಾರ್ಯಾರು ಏನೇನು ಅಂದಿದ್ದರೋ ಅದೆಲ್ಲ ಆ ಅಳುವಿನಲ್ಲಿ ಕೊಚ್ಚಿಕೊಂಡು ಹೋದಂತಿತ್ತು. ಮಗುವಿಗೆ ಜ್ಯೋತಿ ಎಂದು ಹೆಸರಿಟ್ಟರು.

ಆ ಸಂಜೆ ಲೋಕಲಿನಲ್ಲಿ ಜಲಜಾಕ್ಷಿಗೆ ಸೀಟು ಸಿಕ್ಕಿತ್ತು, ಆದರೆ ಕೂರುವ ಮನಸ್ಸಾಗಲಿಲ್ಲ. ಬಾಗಿಲ ಬಳಿ ನಿಂತು ಮುಂಬ್ರಾದ ಗುಡ್ಡಗಳನ್ನು ನೋಡುತ್ತ ಹೋದಳು. ಒಳ್ಳೆಯದಾದ ಸಂತೋಷದ ಜೊತೆ ಒಂದು ಯೋಚನೆಯೂ ಕೊರೆಯುತ್ತಿತ್ತು. ಆ ಹೊತ್ತಿಗೆ ವಾರ್ಡಿನಲ್ಲಿ ಬೇರೆ ಯಾರಿಗಾದರೂ ಕನ್ನಡ ಬರುತ್ತಿದ್ದರೆ? ತನ್ನನ್ನು ಕರೆಯದೇ ಇದ್ದಿದ್ದರೆ?

ಹೊಕ್ಕುಳಿನಿಂದ ರಕ್ತ ಬರುವ ಮಕ್ಕಳಿಗೆಲ್ಲ, ಮೊದಲು ಮಕ್ಕಳನ್ನು ಹೀಗೆ ಕಳೆದುಕೊಂಡವರ ಮಕ್ಕಳಿಗೆಲ್ಲ ಈ ಪರೀಕ್ಷೆ ಆಗಬೇಕೆಂದು ಅವಳು ಒಂದು ಯೋಜನೆ ಸಿದ್ಧಮಾಡಿದಳು. ಅದನ್ನು ಪರಿಶೀಲಿಸಲು ಆರೋಗ್ಯ ಇಲಾಖೆಯ ಸಮಿತಿ ಬೇಲಾಪುರದಲ್ಲಿ ಸೇರಿತು. ಸಮಿತಿಯ ಹಿರಿಯರೊಬ್ಬರು ನಯವಾಗಿಯೇ ಹೇಳಿದರು, ಒಂದು ಮಗು ಎಂದರೆ ಅದೊಂದು ಕತೆ, ಸಂಶೋಧನೆ ಅಲ್ಲ. ಲಕ್ಷಕ್ಕೊಬ್ಬರಿಗೂ ಇಲ್ಲದ ಕಾಯಿಲೆಗೆ ಇಷ್ಟೆಲ್ಲ ಯಾಕೆ?

ಜಲಜಾಕ್ಷಿ ಮುಖ ಚಿಕ್ಕದು ಮಾಡಿಕೊಂಡು ಬಂದಳು. ವಿಷ್ಣುಮೂರ್ತಿ ಸಮಾಧಾನ ಹೇಳುವವರಲ್ಲ. “ಒಂದು ಮಗು ಸಾಲದು ಅಂತ ಅವರು ಹೇಳಿದ್ದು ತಪ್ಪಲ್ಲ. ಆದರೆ ಬೇರೆ ಮಕ್ಕಳಿಲ್ಲ ಅಂತ ಯಾರು ಹೇಳಿದ್ದು ಅವರಿಗೆ? ಯಾರೂ ಹುಡುಕಲಿಲ್ಲ, ಹಾಗಾಗಿ ಇಲ್ಲ. ನೀವು ಹುಡುಕಿ.”

ಅವಳು ಹುಡುಕಿದಳು. ಭಾನುವಾರಗಳೆಲ್ಲ ಅದಕ್ಕೇ ಮೀಸಲಾದವು. ಖಾರ್‌ಘರ್, ಕಲ್ಯಾಣ, ಭಿವಂಡಿ, ಎಲ್ಲೆಲ್ಲಿ ಕೆಲಸಗಾರರ ತಗಡಿನ ಮನೆಗಳಿದ್ದವೋ ಅಲ್ಲೆಲ್ಲ ಹೋದಳು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಸತ್ತ ಮಕ್ಕಳ ಮಾತನ್ನು ಗುರುತಿಲ್ಲದವರ ಎದುರು ಯಾರು ತೆಗೆಯುತ್ತಾರೆ? ಆಮೇಲೆ ಮರಗಮ್ಮ ಜ್ಯೋತಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾನೇ ಜೊತೆಗೆ ಬರತೊಡಗಿದಳು. “ನನ್ನ ಕೂಸು ನೋಡ್ರಿ,” ಎಂದು ಅವಳು ಮಾತು ಶುರುಮಾಡಿದರೆ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು. ಹೋಟೆಲಿಗೆ ರಜೆ ಸಿಕ್ಕಾಗ ಜಯಶೀಲನೂ ಬರುತ್ತಿದ್ದ. ಹೆಂಗಸರೊಡನೆ ಇವರಿಬ್ಬರು ಮಾತಾಡುತ್ತಿದ್ದರೆ ಅವನು ಗಂಡಸರೊಡನೆ ಚಾ ಕುಡಿಯುತ್ತ ಕೂರುತ್ತಿದ್ದ.

ಅಶ್ಮಿತಾ ಒಂದು ಸಲ ಮುನಿಸಿಕೊಂಡು ಹೇಳಿದಳು, “ಮಮ್ಮಿ, ಸಂಡೇ ಕೋ ತೋ ಘರ್ ಪೇ ರಹಾ ಕರೋ ನಾ.” ಭಾನುವಾರವಾದರೂ ಮನೆಯಲ್ಲಿರಬಾರದೇ ಎಂಬ ಆ ಮಾತು ಜಲಜಾಕ್ಷಿಯ ಮನಸ್ಸಿಗೆ ನಾಟಿತು. ಮುಂದಿನ ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಅಶ್ಮಿತಾಳೇ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟಳು.

ಎರಡು ವರ್ಷ ಕಳೆಯುವುದರೊಳಗೆ ಹತ್ತಾರು ಮನೆಗಳು ಸಿಕ್ಕಿದ್ದವು. ಸಣ್ಣ ಪೆಟ್ಟಿಗೂ ಮೊಣಕಾಲು ಬಾತು ಮಲಗುವ ಮಕ್ಕಳಿದ್ದರು, ಬಸಿರು ನಿಲ್ಲದೆ ಕಣ್ಣೀರಿಡುವ ಹೆಂಗಸರಿದ್ದರು. ಎಲ್ಲರ ರಿಪೋರ್ಟೂ ನಾರ್ಮಲ್, ಎಲ್ಲರ ಹೆಪ್ಪೂ ಯೂರಿಯಾದಲ್ಲಿ ಕರಗುವಂಥದು. ಈ ಸಲ ಸಮಿತಿ ಒಪ್ಪಿತು, ಆದರೆ ಪ್ರಯೋಗಕ್ಕೆ ಮಾತ್ರ.

ರಕ್ತವನ್ನು ಬೇಲಾಪುರದವರೆಗೆ ತರುವಷ್ಟರಲ್ಲಿ ಎಷ್ಟೋ ಸಲ ಹೊತ್ತು ಮೀರುತ್ತಿತ್ತು. ಪರೀಕ್ಷೆಯೇ ಮಗುವಿದ್ದಲ್ಲಿಗೆ ಹೋಗಬೇಕು ಎಂದುಕೊಂಡಳು ಜಲಜಾಕ್ಷಿ. ಒಂದು ಬೆರಳಿನಷ್ಟು ಉದ್ದದ ನಳಿಕೆ, ಅದರಲ್ಲಿ ಮೊದಲೇ ಅಳೆದು ತುಂಬಿಟ್ಟ ಯೂರಿಯಾ ನೀರು. ಮಗುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತ ಹೆಪ್ಪಾದ ಮೇಲೆ ಅದರೊಳಗೆ ಬಿಟ್ಟರಾಯಿತು. ಯಂತ್ರ ಬೇಡ, ದೊಡ್ಡ ಡಾಕ್ಟರು ಬೇಡ, ಹೆರಿಗೆ ಆಸ್ಪತ್ರೆಯ ನರ್ಸು ಸಾಕು. ಹೆಪ್ಪು ಉಳಿಯಿತೋ ಕರಗಿತೋ ಎಂದು ಬರಿಗಣ್ಣಿಗೆ ಕಾಣುತ್ತದೆ. ಅದನ್ನು ಹದಕ್ಕೆ ತರಲು ವರ್ಷಗಳೇ ಹಿಡಿದವು. ಕೊನೆಗೆ ಒಂದು ಚಳಿಗಾಲದಲ್ಲಿ ನಳಿಕೆಗಳ ಪೆಟ್ಟಿಗೆಗಳು ಡೊಂಬಿವಲಿಗೂ ಕಲ್ಯಾಣಕ್ಕೂ ಭಿವಂಡಿಗೂ ಹೋದವು. ಎಲ್ಲವೂ ಚೆನ್ನಾಗಿ ನಡೆಯಿತು. ಬೇಸಿಗೆ ಬಂತು.

ಮೇ ತಿಂಗಳಲ್ಲಿ ಡೊಂಬಿವಲಿಯಿಂದ ಉಳಿದ ನಳಿಕೆಗಳ ಪೆಟ್ಟಿಗೆಯೊಂದು ವಾಪಸು ಬಂತು. ಜ್ಯೋತಿ ಆ ದಿನ ತಿಂಗಳ ಕ್ರಯೋಗಾಗಿ ಬಂದಿದ್ದಳು. ಆಗಲೇ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ. ಕ್ರಯೋ ಕೊಡುವ ಮೊದಲು ಅವಳ ಒಂದಿಷ್ಟು ರಕ್ತ ತೆಗೆದು ನಳಿಕೆಗಳನ್ನು ಸರಿನೋಡುವುದು ರೂಢಿ. ಅವಳ ಹೆಪ್ಪು ಕರಗಲೇಬೇಕು.

ಕರಗಲಿಲ್ಲ.

ಜಲಜಾಕ್ಷಿ ಕಾದಳು. ಸಂಜೆಯವರೆಗೂ ಕಾದಳು. ಹೆಪ್ಪು ನಳಿಕೆಯ ತಳದಲ್ಲಿ ಕಲ್ಲಿನಂತೆ ಕೂತಿತ್ತು. ಇನ್ನೊಂದು ನಳಿಕೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದಾಗ ಗಾಟು ವಾಸನೆ ಬಂತು. ತಗಡಿನ ಸೂರಿನ ಕೆಳಗೆ ಇಟ್ಟಿದ್ದ ಪೆಟ್ಟಿಗೆಯಲ್ಲಿ ಬಿಸಿಲಿನ ಝಳಕ್ಕೆ ಯೂರಿಯಾ ಕೆಟ್ಟು ಅಮೋನಿಯಾ ಆಗತೊಡಗಿತ್ತು. ಕೆಟ್ಟ ನೀರು ಯಾವ ಹೆಪ್ಪನ್ನೂ ಕರಗಿಸುವುದಿಲ್ಲ. ಅಂದರೆ ಆ ಬೇಸಿಗೆಯಲ್ಲಿ ಆರೋಗ್ಯವಾಗಿದೆ ಎಂದು ಹೇಳಿ ಮನೆಗೆ ಕಳಿಸಿದ ಮಕ್ಕಳಲ್ಲಿ ಯಾವ ಮಗು ಆರೋಗ್ಯವಾಗಿದೆಯೋ ಯಾವುದು ಇಲ್ಲವೋ ಯಾರಿಗೂ ಗೊತ್ತಿಲ್ಲ.

ಮನೆಗೆ ಬಂದವಳ ಮುಖ ನೋಡಿ ಜಯಶೀಲ, “ದಾದ ಆಂಡ್?” ಎಂದ. ಏನಾಯಿತೆಂದು ಅವಳು ತುಳುವಿನಲ್ಲಿ ಹೇಳಿ ಮುಗಿಸಿದಾಗ ಅವನು ಒಂದು ಮಾತನ್ನಷ್ಟೇ ಕೇಳಿದ, “ಎಲ್ಲರ ಮನೆ ಹುಡುಕಲಿಕ್ಕೆ ಆಗ್ತದಾ?”

“ಆಗಲೇಬೇಕು.”

ಮರುದಿನ ವಿಷ್ಣುಮೂರ್ತಿ ಎಚ್ಚರಿಸಿದರು. “ಸಮಿತಿಗೆ ಬರೆದರೆ ಯೋಜನೆ ನಿಲ್ಲಿಸ್ತಾರೆ. ಆಮೇಲೆ ಪುನಃ ಶುರು ಆಗುವುದು ಕಷ್ಟ ಉಂಟು.”

“ಅವರು ನಿಲ್ಲಿಸುವುದು ಬೇಡ ಸರ್. ನಾನೇ ನಿಲ್ಲಿಸಿದ್ದೇನೆ. ಎಲ್ಲ ಆಸ್ಪತ್ರೆಗೂ ಫೋನ್ ಮಾಡಿ ಆಯ್ತು.”

ವಿಷ್ಣುಮೂರ್ತಿ ಅವಳನ್ನೇ ನೋಡಿದರು. “ಸರಿ. ಬರೆಯಿರಿ. ಕೆಳಗೆ ನನ್ನ ಸಹಿಯೂ ಇರಲಿ.”

ಆ ತಿಂಗಳುಗಳು ಅವಳ ಜೀವಮಾನದಲ್ಲೇ ಕಷ್ಟದ ತಿಂಗಳುಗಳು. ಕಟ್ಟಡ ಮುಗಿದಲ್ಲಿ ಜನ ಗುಡಿಸಲು ಕಿತ್ತು ಬೇರೆ ಕಡೆ ಹೋಗಿದ್ದರು. ಫೋನ್ ನಂಬರುಗಳು ಬದಲಾಗಿದ್ದವು. ಮರಗಮ್ಮ ಊರಿನವರ ಮೂಲಕ, ಊರಿನವರ ಊರಿನವರ ಮೂಲಕ ಒಬ್ಬೊಬ್ಬರನ್ನೇ ಪತ್ತೆ ಹಚ್ಚಿದಳು. ಸಿಕ್ಕ ಮಕ್ಕಳಿಗೆಲ್ಲ ಹೊಸದಾಗಿ ಬೆರೆಸಿದ ಯೂರಿಯಾದಲ್ಲಿ ಮತ್ತೆ ಪರೀಕ್ಷೆ. ಎಲ್ಲವೂ ಚೆನ್ನಾಗಿದ್ದವು. ಇನ್ನೇನು ಮುಗಿಯಿತು ಎನ್ನುವಾಗ ಭಿವಂಡಿಯ ಗೋದಾಮೊಂದರಲ್ಲಿ ಹಮಾಲಿ ಮಾಡುತ್ತಿದ್ದ ಗುರುನಾಥನ ಮಗು ಉಳಿದಿತ್ತು.

ಮಳೆಗಾಲದ ಕೊನೆಯ ಮಳೆ ಹಿಡಿದಿತ್ತು. ಗುರುನಾಥನ ಹೆಂಡತಿ ಚಂದ್ರಬಾಯಿ ಮಗುವನ್ನು ಅಂಬೆಗಾಲಿಗೆ ಬಿಟ್ಟು ರೊಟ್ಟಿ ತಟ್ಟುತ್ತಿದ್ದಳು. “ಅವಾಗ ಚಲೋ ಐತಿ ಅಂದಿದ್ರಲ್ರಿ?” ಎಂದಳು.

“ಅಂದಿದ್ದೆವು. ಆದರೆ ನಮ್ಮ ಔಷಧಿ ಬಿಸಿಲಿಗೆ ಕೆಟ್ಟಿತ್ತು ತಾಯಿ. ತಪ್ಪು ನಮ್ಮದು. ಇನ್ನೊಮ್ಮೆ ನೋಡಬೇಕು.”

ಅಲ್ಲೇ ಒಲೆಯ ಬೆಳಕಿನಲ್ಲಿ ನೋಡಿದಳು. ಹೆಪ್ಪು ಕರಗಿತು. ಮಗುವಿನ ಹಣೆಯ ಮೇಲೆ ಆಗಲೇ ಒಂದು ನೀಲಿಗಟ್ಟಿದ ಬಾವು ಇತ್ತು, ಹಿಂದಿನ ದಿನ ಹೊಸ್ತಿಲಿಗೆ ಬಿದ್ದದ್ದು. ಜಲಜಾಕ್ಷಿ ಎರಡನೆಯ ಮಾತಾಡದೆ ತಾಯಿ ಮಗುವನ್ನು ರಿಕ್ಷಾದಲ್ಲಿ ಕೂರಿಸಿದಳು. ಗುರುನಾಥ ಗೋದಾಮಿನಿಂದ ಓಡಿ ಬಂದು ಹತ್ತಿಕೊಂಡ. ಠಾಣೆಯಲ್ಲಿ ಕ್ರಯೋ ಸಿಕ್ಕಿತು. ತಲೆಯೊಳಗೆ ರಕ್ತ ಇಳಿಯತೊಡಗಿತ್ತೆಂದು ಅಲ್ಲಿ ಸ್ಕ್ಯಾನ್ ತೋರಿಸಿತು. ಆದರೆ ಹನಿಯಷ್ಟೇ. ಒಂದು ದಿನ ತಡವಾಗಿದ್ದರೆ ಎಂದು ಅಲ್ಲಿಯ ಡಾಕ್ಟರು ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. ಮಗು ಉಳಿಯಿತು. ಜಲಜಾಕ್ಷಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಜಯಶೀಲ ಹೋಟೆಲಿನಿಂದ ಬರುವ ತನಕ ಏಳಲೇ ಇಲ್ಲ.

ನೀರು ಕೆಡುತ್ತದೆಂದಾದರೆ ನೀರೇ ಬೇಡ, ಯೂರಿಯಾ ಪುಡಿಯಾಗಿಯೇ ಇರಲಿ, ನರ್ಸು ಆ ಹೊತ್ತಿಗೆ ನೀರು ಬೆರೆಸಲಿ ಎಂದು ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಪುಡಿ ಮಳೆಗಾಲದ ತೇವಕ್ಕೆ ಮುದ್ದೆಯಾಯಿತು. ಊಟದ ಮೇಜಿನ ಮೇಲೆ ಆ ಮುದ್ದೆಯನ್ನಿಟ್ಟುಕೊಂಡು ತಲೆ ಕೆಡಿಸಿಕೊಂಡಿದ್ದಾಗ, ಕಾಲೇಜಿಗೆ ಹೊರಟಿದ್ದ ಅಶ್ಮಿತಾ ನೋಡಿ, “ಓಆರ್‌ಎಸ್ ಕೇ ಪ್ಯಾಕೆಟ್ ಜೈಸಾ ಬನಾವೋ ನಾ ಮಮ್ಮಿ,” ಎಂದು ಹೇಳಿ ಹೋದಳು. ಓಆರ್‌ಎಸ್ ಪುಡಿ ಬರುವಂಥದೇ ಬೆಳ್ಳಿ ಹಾಳೆಯ ಸಣ್ಣ ಪೊಟ್ಟಣ ಮಾಡಿಸಿದಳು. ಅದನ್ನು ಒಂದು ಬೇಸಿಗೆ ಪೂರ್ತಿ ತಗಡಿನ ಕೆಳಗಿಟ್ಟು ನೋಡಿದಳು, ಒಂದು ಮಳೆಗಾಲ ಪೂರ್ತಿ ಕಿಟಕಿಯ ಬಳಿ ಇಟ್ಟು ನೋಡಿದಳು. ಜ್ಯೋತಿಯ ಹೆಪ್ಪು ಪ್ರತಿ ಸಲವೂ ತಪ್ಪದೆ ಕರಗಿತು. ಪ್ರತಿ ಸಲವೂ ಜ್ಯೋತಿ, “ಕರಗ್ತಲ್ರಿ ಅಕ್ಕಾ!” ಎಂದು ಚಪ್ಪಾಳೆ ತಟ್ಟಿದಳು.

ಸಮಿತಿಯ ಕೊನೆಯ ಸಭೆ ಬೇಲಾಪುರದಲ್ಲಿ ನಡೆದಾಗ ವಿಷ್ಣುಮೂರ್ತಿ ನಿವೃತ್ತರಾಗಿದ್ದರು. ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತರು. ಕತೆ ಎಂದಿದ್ದ ಆ ಹಿರಿಯರು ಈಗ ಅಧ್ಯಕ್ಷರು. ಎಲ್ಲ ಕೇಳಿದ ಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು, ನಿಮ್ಮ ಪರೀಕ್ಷೆ ಯಾವ ಮಗುವನ್ನಾದರೂ ತಪ್ಪಿಸಿದ್ದುಂಟೇ?

“ಉಂಟು,” ಎಂದಳು ಜಲಜಾಕ್ಷಿ. “ನೀರಿನ ನಳಿಕೆ ಇದ್ದಾಗ ಒಂದು ಮಗುವನ್ನು ತಪ್ಪಿಸಿತು. ನಾವು ಹೋಗಿ ಹುಡುಕಿದೆವು. ಅವನು ಈಗ ಭಿವಂಡಿಯ ಶಾಲೆಯಲ್ಲಿ ಓದುತ್ತಿದ್ದಾನೆ. ಪೊಟ್ಟಣ ಬಂದ ಮೇಲೆ ಒಂದನ್ನೂ ತಪ್ಪಿಸಿಲ್ಲ. ಮುಂದೆ ತಪ್ಪಿಸಿದರೆ ಮೊದಲು ನಾನೇ ಬಂದು ನಿಮಗೆ ಹೇಳುತ್ತೇನೆ.”

ಅಧ್ಯಕ್ಷರು ಅಕ್ಕಪಕ್ಕದವರನ್ನು ನೋಡಿದರು. ಒಬ್ಬೊಬ್ಬರಾಗಿ ತಲೆಯಾಡಿಸಿದರು. ಠಾಣೆ ಜಿಲ್ಲೆಯ ಹೆರಿಗೆ ಆಸ್ಪತ್ರೆಗಳಿಗೆಲ್ಲ ಪರೀಕ್ಷೆ ಹೋಗಲಿ ಎಂದಾಯಿತು. ವಿಷ್ಣುಮೂರ್ತಿ ಎದ್ದು, ಯಾರಿಗೂ ಕಾಯದೆ, ಒಬ್ಬರೇ ಚಪ್ಪಾಳೆ ತಟ್ಟಲು ಶುರುಮಾಡಿದರು. ಆಮೇಲೆ ಎಲ್ಲರೂ ತಟ್ಟಿದರು. ಹೊರಗೆ ಬಂದಾಗ ಅವರು ಹೇಳಿದ್ದು ಇಷ್ಟೇ, “ಪುಸ್ತಕದಲ್ಲಿ ಮಾತ್ರ ಇದ್ದದ್ದನ್ನು ನೀವು ಆಸ್ಪತ್ರೆಗೆ ತಂದ್ರಿ ಮಾರಾಯ್ತಿ.” ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಮಾರಾಯ್ತಿ ಎಂದದ್ದು ಅದೇ ಮೊದಲು.

ಅದಾಗಿ ಕೆಲವು ತಿಂಗಳ ಮೇಲೆ, ಒಂದು ಬೆಳಿಗ್ಗೆ, ರಕ್ತನಿಧಿಯಿಂದ ಜಲಜಾಕ್ಷಿಗೆ ಫೋನು ಬಂತು. ಕಲ್ಯಾಣದ ಹೆರಿಗೆ ಆಸ್ಪತ್ರೆಯೊಂದು ಕ್ರಯೋ ಕೇಳಿದೆ. ಕಾರಣದ ಜಾಗದಲ್ಲಿ ‘ಹೆಪ್ಪು ಕರಗಿದೆ’ ಎಂದು ಬರೆದಿದೆ. ಅಲ್ಲಿ ಆ ಪರೀಕ್ಷೆ ಶುರುವಾದದ್ದೇ ಅವಳಿಗೆ ಗೊತ್ತಿರಲಿಲ್ಲ. ಅವಳು ಕಲಿಸಿದ ನರ್ಸುಗಳಾರೂ ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಯಾರೋ ಯಾರಿಗೋ ಕಲಿಸಿ, ಅವರು ಇನ್ಯಾರಿಗೋ ಕಲಿಸಿದ್ದರು. ಅವಳು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು.

ಕಲ್ಯಾಣ ಮುಟ್ಟಿ ವಾರ್ಡಿನ ಬಾಗಿಲಿಗೆ ಬಂದಾಗ ಮಗುವಿಗೆ ಕ್ರಯೋ ಹೋಗಿ ಆಗಿತ್ತು. ಸೌಜನ್ಯ ಎಂದು ಎದೆಯ ಮೇಲೆ ಹೆಸರಿದ್ದ ಒಬ್ಬಳು ಚುರುಕು ನರ್ಸು, ರಾಯಚೂರು ಕಡೆಯ ಭಾಗ್ಯಾ ಎಂಬ ಬಾಣಂತಿಗೆ ಹೇಳುತ್ತಿದ್ದಳು. “ನೋಡಿ ಅಕ್ಕ, ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ. ಬಾಬುವಿನ ಖೂನ್ ನಿಲ್ತದೆ, ಆದರೆ ಟಿಕೋದಿಲ್ಲ, ಮತ್ತೆ ಹರೀತದೆ. ಅದಕ್ಕೆ ದರ್ ಮಹಿನಾ, ತಿಂಗಳಿಗೊಮ್ಮೆ, ಇದೊಂದು ಕೊಡಬೇಕು. ಕೊಟ್ರೆ ಏನೂ ಆಗೋದಿಲ್ಲ, ಶಾಲೆಗೂ ಹೋಗ್ತಾನೆ, ಕ್ರಿಕೆಟೂ ಆಡ್ತಾನೆ.”

“ಖರೇ ಏನ್ರಿ ಸಿಸ್ಟರ?” ಎಂದಳು ಭಾಗ್ಯಾ. “ಹಿಂದಿನ ಕೂಸು ಹಿಂಗ ಹೋಗಿತ್ರಿ ನಂದು.”

“ಇದು ಹೋಗೋದಿಲ್ಲ. ನಾನು ಹೇಳ್ತಿದ್ದೇನಲ್ಲ,” ಎಂದಳು ಸೌಜನ್ಯ, ಸೂರ್ಯ ನಾಳೆಯೂ ಹುಟ್ಟುತ್ತಾನೆ ಎನ್ನುವಷ್ಟು ಧೈರ್ಯವಾಗಿ. ಆಮೇಲೆ ಬಾಗಿಲಲ್ಲಿ ನಿಂತಿದ್ದ ನರೆಗೂದಲಿನ ಹೆಂಗಸನ್ನು ಕಂಡು ಹುಬ್ಬು ಗಂಟಿಕ್ಕಿದಳು. “ನೀವು ಯಾರು? ಅಜ್ಜಿಯಾ? ಮಿಲ್ನೇ ಕಾ ಟೈಮ್ ಮುಗಿದಿದೆ. ಹೊರಗೆ ಕೂತ್ಕೊಳ್ಳಿ ಪ್ಲೀಸ್.”

ಜಲಜಾಕ್ಷಿ ಬಾಯಿ ತೆರೆದಳು. ಹೆಸರು ಹೇಳಬೇಕೆನ್ನಿಸಲಿಲ್ಲ. “ಆಯ್ತು ಸಿಸ್ಟರ್,” ಎಂದು ಹೊರಗಿನ ಬೆಂಚಿನ ಮೇಲೆ ಬಂದು ಕೂತಳು. ಒಳಗಿನಿಂದ ಮಗು ಗಂಟಲು ಹರಿಯುವಂತೆ ಅಳತೊಡಗಿತು. ರಕ್ತ ತುಂಬಿದ, ಜೀವ ತುಂಬಿದ, ಹಸಿದ ಅಳು. ಅವಳು ಫೋನ್ ತೆಗೆದು ಜಯಶೀಲನಿಗೆ ಹಚ್ಚಿದಳು.

“ಎಲ್ಲಿದ್ದಿ?”

“ಕಲ್ಯಾಣದಲ್ಲಿ. ನನ್ನನ್ನು ವಾರ್ಡಿನಿಂದ ಹೊರಗೆ ಹಾಕಿದರು!”

“ಯಾರು? ಯಾಕೆ?” ಜಯಶೀಲ ಗಾಬರಿಯಾದ.

ಹಾದುಹೋಗುವವರೆಲ್ಲ ತಿರುಗಿ ನೋಡುವಂತೆ, ಕಣ್ಣಲ್ಲಿ ನೀರು ಬರುವಂತೆ, ಆ ಬೆಂಚಿನ ಮೇಲೆ ಕೂತು ಅವಳು ನಗುತ್ತಲೇ ಇದ್ದಳು.